ಹುಳುಮನೆಯ ಸೂರಿಗೆ ಸಿಕ್ಕಿಸಿದ ಕಡ್ಡಿ

ರೇಷ್ಮೆ ಹುಳು ಸಾಕುವ ನಮ್ಮ ಹುಳುಮನೆಗೆ ಒಂದು ಕಟ್ಟಳೆಯಿತ್ತು. ಒಳಗೆ ಹೋಗುವವರು ಸೂರಿಗೆ ಒಂದು ಹಿಪ್ಪುನೇರಳೆ ಕಡ್ಡಿ ಸಿಕ್ಕಿಸಬೇಕು, ಹೊರಗೆ ಬಂದಾಗ ಕಿತ್ತುಹಾಕಬೇಕು. ಕಡ್ಡಿ ಇರುವ ತನಕ, ಬೆಳೆ ಮುಗಿದ ಮೇಲೆ ರೋಗ ತಗಲದಂತೆ ಹೊಡೆಯುವ ಔಷಧಿ ಹೊಡೆಯುವಂತಿಲ್ಲ. ಒಳಗಿದ್ದವರ ಕಣ್ಣು ಮೂಗು ಉರಿದುಹೋಗುತ್ತದೆ. ಬಾಗಿಲಿಲ್ಲದ ಕಾಲದಲ್ಲಿ ಈ ಕಟ್ಟಳೆ ನಾನೇ ಮಾಡಿದ್ದು. ಆಮೇಲೆ ಬಾಗಿಲು, ಬೀಗ ಬಂದವು. ಒಳಗೆ ಹೋದವರು ಒಯ್ದ ಕೀಲಿ ಅಡುಗೆಮನೆಯ ಮೊಳೆಗೆ ವಾಪಸ್ ಬರದೆ ಯಾರೂ ಔಷಧಿ ಮುಟ್ಟುತ್ತಿರಲಿಲ್ಲ. ಆದರೂ ಕಡ್ಡಿಯ ರೂಢಿಯನ್ನು ನಾನು ಬಿಡಿಸಲಿಲ್ಲ.

ಮೊಮ್ಮಗಳು ಕನಕಪುರದ ನಮ್ಮ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಕಂಪ್ಯೂಟರುಗಳು ಒಂದರ ಜೊತೆ ಒಂದು ಮಾತಾಡಲು ಲೋಕದವರೆಲ್ಲ ಸೇರಿ ಬರೆಯುವ ಪ್ರೋಗ್ರಾಮಿನಲ್ಲಿ ಅವಳಿಗೆ ಒಂದು ದಂಡದ ಕೆಲಸ ಕಂಡಿತು. ಅದರೊಳಗಿನ ಒಂದು ವಸ್ತುವಿಗೆ ಬೀಗ ಹಾಕುವ ಮುಂಚೆ 'ಇದು ಬಳಕೆಯಲ್ಲಿದೆ' ಎಂದು ಎಣಿಕೆ ಏರಿಸುವುದು, ಬೀಗ ತೆಗೆದ ಮೇಲೆ ಇಳಿಸುವುದು. ಆ ಸಾಲುಗಳನ್ನು ತೆಗೆದು ಪ್ರೋಗ್ರಾಮು ನೋಡಿಕೊಳ್ಳುವವರಿಗೆ ಕಳಿಸಿದಳು. ಪರೀಕ್ಷೆ ಮಾಡುವವರು ಒಪ್ಪಲಿಲ್ಲ. ಎಣಿಕೆ ಸೊನ್ನೆಯಾದರೆ ಆ ವಸ್ತುವೇ ಅಳಿಸಿಹೋಗುತ್ತದಂತೆ. ಕೆಲಸದ ನಡುವೆ ಹಾಗಾದರೆ ಇಡೀ ಯಂತ್ರ ನಿಂತುಹೋಗುತ್ತದಂತೆ. ಅವಳು ಅವರಿಗೆ ಕಳಿಸಿದ ಮೊದಲ ಕೆಲಸವದು. ಕೈಬಿಡುತ್ತೇನೆ ಎಂದು ಮುಖ ಊದಿಸಿಕೊಂಡಳು.

ಅದೇ ವಾರ ಸೊಸೆ ಹುಳುಮನೆಯ ತಟ್ಟೆಗಳನ್ನು ತೊಳೆಯಲು ಹೊರಗೆ ತಂದು, ಕೀಲಿಯನ್ನು ಮೊಳೆಗೆ ಹಾಕಿ, ಕಡ್ಡಿ ಕೀಳಲು ಮರೆತಳು. ಔಷಧಿ ಹೊಡೆಯಲು ಬಂದವನು ಮಧ್ಯಾಹ್ನದ ತನಕ ಕಲ್ಲಿನ ಮೇಲೆ ಕೂತಿದ್ದ.

"ಒಳಗೆ ಯಾರಜ್ಜಿ ಅದು, ಇನ್ನೂ ಬರ್ನೇ ಇಲ್ಲ?"

"ಯಾರೂ ಇಲ್ಲ ಕಣ್ಲಾ. ಕೀಲಿ ಮೊಳೆ ಮ್ಯಾಲೈತೆ."

"ಮತ್ತೆ ಕಡ್ಡಿ?"

ಮೊಮ್ಮಗಳು ನಕ್ಕಳು. "ಕೀಲಿ ತಗಂಡೋರು ವಾಪಸ್ ಕೊಡೋಗಂಟ ಯಾರೂ ಔಸ್ದಿ ಹೊಡೆಯಕಿಲ್ಲ. ಕಡ್ಡಿ ಯಾಕಜ್ಜಿ?"

"ನಿಂದೂ ಅದೇ ತಾನೆ? ಕೀಲಿ ಯಾರ ಕೈಲೈತೆ ಅಂತ ಒಪ್ದೇ ಇದ್ದೋರ್ಗೆ ಹೇಳ್ದ್ಯಾ?"

"ಇಲ್ಲ. ಕಡ್ಡಿ ಬ್ಯಾಡ ಅಂದೆ, ಅಷ್ಟೆಯ."

"ಹಂಗಂದ್ರೆ ಯಾರವ್ವ ಒಪ್ತಾರೆ? ನಾನೇ ಒಪ್ಪಕಿಲ್ಲ."

ಔಷಧಿಯವನು ಕೀಲಿ ನೋಡಿ ಕೆಲಸಕ್ಕೆ ಹೋದ, ಅವಳು ಎದ್ದು ಮನೆಯೊಳಗೆ ಹೋದಳು. ಆ ಬೀಗದ ಬಳಿಗೆ ಬರುವ ದಾರಿಗಳನ್ನೆಲ್ಲ ಎರಡು ದಿನ ಹುಡುಕಿದಳು. ಬೀಗದ ಕಡೆಗೆ ಕೆಲಸ ಕಳಿಸುವ ಭಾಗವೇ ಮೊದಲು ಎಣಿಕೆ ಏರಿಸಿರುತ್ತದೆ, ಕೆಲಸ ಮುಗಿಯುವ ತನಕ ಇಳಿಸುವುದಿಲ್ಲ, ಅಂದರೆ ಕೀಲಿ ಅದರ ಕೈಲೇ ಇರುತ್ತದೆ ಎಂದು ಒಂದೊಂದು ದಾರಿಗೂ ಬರೆದಳು. ಒಂದು ಕಡೆ ಮಾತ್ರ ಕೀಲಿ ಯಾರ ಕೈಯಲ್ಲೂ ಇರಲಿಲ್ಲ. ಅಲ್ಲಿ ಎಣಿಕೆಯನ್ನು ಹಾಗೇ ಉಳಿಸಿದಳು.

ಈ ಸಲ ಒಪ್ಪಿದರು. ಸೊಪ್ಪು ಕೊಯ್ಯುತ್ತಿದ್ದ ನನ್ನ ಹತ್ತಿರ ತೋಟಕ್ಕೇ ಓಡಿ ಬಂದಳು.

"ತಗಂಡ್ರು ಅಜ್ಜಿ. ಲೋಕದ ಕಂಪ್ಯೂಟರ್‌ಗೆಲ್ಲ ಹೋಗ್ತದೆ."

"ಏಸು ಸಾಲು ಬರ್ದೆ?"

"ಬರೀನಿಲ್ಲ, ಅಳಿಸ್ದೆ."

"ಅಳಿಸಾಕೂ ಸಂಬಳ ಕೊಡ್ತಾರಾ?"

ಮನೆಗೆ ಬರುವಾಗ, ಸೊಸೆ ಮರೆತ ದಿನದಿಂದ ಹುಳುಮನೆಯ ಸೂರಿನಲ್ಲೇ ಉಳಿದಿದ್ದ ಕಡ್ಡಿ ಕಿತ್ತು ನೀರೊಲೆಗೆ ಹಾಕಿದೆ. ಮತ್ತೆ ಯಾರಿಗೂ ಸಿಕ್ಕಿಸಲು ಹೇಳಲಿಲ್ಲ.