ರಾಣಿಯ ಭುಜದ ನೀಲಿ ಹೂವು

ಅರಮನೆಯ ಹೊಲಿಗೆ ಕೋಣೆಯಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ರಾಣಿಯವರ ಉಡುಪುಗಳಿಗೆ ಕಸೂತಿ ಹಾಕುತ್ತಿದ್ದವಳು. ರಾಣಿಯವರು ಯಾವ ದೇಶಕ್ಕೆ ಹೋದರೂ ಆ ದೇಶದ ಹೂವೋ ಹಕ್ಕಿಯೋ ಮೈಮೇಲೆ ಇರಬೇಕು. ಭಾಷಣಕ್ಕೂ ಮೊದಲು ಉಡುಪು ಮಾತಾಡಬೇಕು. ಎಲ್ಲಾದರೂ ದಾರ ಕಿತ್ತುಹೋದರೆ ಎಂದು ಸೂಜಿಯಕ್ಕನನ್ನೂ ಕರೆದೊಯ್ಯುತ್ತಿದ್ದರು.

"ಹನ್ನೊಂದು ದೇಶ ಸುತ್ತಿದೀನಿ ಕಣ್ರೇ, ಎಲ್ಲಾ ಕಡೆ ಇಸ್ತ್ರಿಪೆಟ್ಟಿಗೆ ಒಂದೇ ಥರ ಕಾಯುತ್ತೆ," ಎಂದು ಅವಳು ಜೊತೆಯವರನ್ನು ನಗಿಸುತ್ತಿದ್ದಳು. ಕೊಟ್ಟ ಕೋಣೆ ಬಿಟ್ಟು ಆಚೆ ಕಾಲಿಟ್ಟವಳಲ್ಲ.

ಹನ್ನೆರಡನೆಯದು ಪಕ್ಕದ ದೇಶ. ಜಗಳವಾಗಿ ಗಡಿ ಮುಚ್ಚಿ ಹತ್ತೊಂಬತ್ತು ವರ್ಷವಾಗಿತ್ತು. ಅಲ್ಲಿಗೆ ಮದುವೆಯಾಗಿ ಹೋದ ತಂಗಿಯ ದನಿ ಫೋನಿನಲ್ಲಿ ಕೇಳುತ್ತಿತ್ತೇ ಹೊರತು ಮುಖ ಕಂಡಿರಲಿಲ್ಲ. ಈಗ ರಾಣಿಯವರು ರಾಜಿಗೆ ಹೊರಟಿದ್ದರು. ಅವರ ಉಡುಪಿನ ಭುಜದ ಮೇಲೆ ಆ ನಾಡಿನ ನೀಲಿ ಹೂವನ್ನು ಸೂಜಿಯಕ್ಕ ಮೂರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಅರಳಿಸಿದ್ದಳು. ಅದರ ಬಗ್ಗೆ ಎಂದಿಗೂ ತುಟಿ ಬಿಚ್ಚುವುದಿಲ್ಲ ಎಂದು ರುಜುವನ್ನೂ ಹಾಕಿದ್ದಳು.

"ನೀನೂ ಬರ್ತೀಯೇನೇ ಅಕ್ಕಾ?" ಎಂದು ತಂಗಿ ಕೇಳಿದಾಗ, "ಹೇಳೋ ಹಾಗಿಲ್ಲ," ಎಂದಷ್ಟೇ ಅಂದಳು. ತಂಗಿಗೆ ಅಷ್ಟು ಸಾಕಾಯಿತು.

ಅತಿಥಿಗೃಹದ ಬಾಗಿಲಲ್ಲೇ ಎಲ್ಲರ ಫೋನು ತೆಗೆದಿಟ್ಟುಕೊಂಡರು. ಮೂರನೆಯ ಮಹಡಿಯ ಇಸ್ತ್ರಿ ಕೋಣೆಯ ಕಿಟಕಿ ತೆರೆಯುವಂಥದ್ದಲ್ಲ. ಮಧ್ಯಾಹ್ನ ಅದರ ಗಾಜಿನಿಂದ ನೋಡಿದರೆ, ಗೇಟಿನ ಹೊರಗೆ ಜನರ ನಡುವೆ ಒಬ್ಬಳು ಚೀಲವನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ನಿಂತಿದ್ದಳು. ತಲೆ ನರೆತಿದ್ದರೂ ಆ ನಿಲುವು ತಂಗಿಯದೇ. ಅವಳು ಬೇರೆ ಯಾವುದೋ ಕಿಟಕಿ ನೋಡುತ್ತಿದ್ದಳು.

"ಸಾರ್, ನಮ್ಮ ತಂಗಿ ಬಂದಿದಾಳೆ. ಐದೇ ನಿಮಿಷ," ಎಂದು ಸೂಜಿಯಕ್ಕ ಪ್ರವಾಸದ ಅಧಿಕಾರಿಯನ್ನು ಬೇಡಿಕೊಂಡಳು.

"ಹೂವಿನ ಸುದ್ದಿ ಈಗಲೇ ಆಚೆ ಹೋದ್ರೆ ಎಲ್ಲಾ ನೀರಲ್ಲಿ ಹೋಮ. ಬೇಡಮ್ಮ."

"ಊಟದ ಸಮಾರಂಭ ಮುಗಿದ ಮೇಲೆ?"

"ನೇರ ವಿಮಾನಕ್ಕೆ."

ಸಂಜೆ ಉಡುಪು ತೊಡಿಸುವಾಗ ರಾಣಿಯವರೇ ಕೇಳಿದರು: "ಗುಂಡಿ ಹಾಕೋಕೆ ಇವತ್ತು ಯಾಕಿಷ್ಟು ಹೊತ್ತು?"

ಹೇಳಿದ್ದರೆ ಗೇಟು ತೆರೆಯುತ್ತಿತ್ತೋ ಏನೋ. ಅಧಿಕಾರಿ ಬಾಗಿಲ ಪರದೆಯ ಆಚೆಯೇ ನಿಂತಿದ್ದ. ಸೂಜಿಯಕ್ಕ, "ಚಳಿ, ಅಮ್ಮಾ," ಎಂದಳು.

ಆ ಹೂವನ್ನು ಕಂಡು ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತಂತೆ. ಅಷ್ಟು ಹೊತ್ತಿಗೆ ಸೂಜಿಯಕ್ಕ ಪರದೆ ಎಳೆದ ಕಾರಿನಲ್ಲಿ ಪೆಟ್ಟಿಗೆಗಳ ನಡುವೆ ಕೂತಿದ್ದಳು.

ಮರುದಿನ ತಂಗಿಯ ಫೋನು. "ಟೀವೀಲಿ ನೋಡ್ದೆ. ದಳದ ತುದಿ ಮಡಚಿ ಹೊಲಿಯೋದು ನಮ್ಮಮ್ಮ ಕಲಿಸಿದ್ದು. ನೀನೇ ತಾನೆ?"

"ನಂಗೊತ್ತಿಲ್ಲ ಕಣೇ."

"ಗಡಿ ತೆಗೀತಾರಂತೆ. ನಿನ್ನ ಬಾಯಿ ಯಾವಾಗ ತೆಗೀತಾರೆ?" ಎಂದು ತಂಗಿ ಫೋನಿಟ್ಟಳು.

ಮುಂದಿನ ತಿಂಗಳು ಗಡಿ ದಾಟಿ ಬಸ್ಸು ಓಡತೊಡಗಿತು. ಸೂಜಿಯಕ್ಕ ರಜೆ ಕೇಳಿದಳು. ರಜೆಯ ಬದಲು ಹದಿಮೂರನೆಯ ದೇಶದ ಹಕ್ಕಿಯ ಚಿತ್ರ ಮೇಜಿಗೆ ಬಂತು. ಕೊನೆಗೆ ತಂಗಿಯೇ ಸಿಟ್ಟು ನುಂಗಿಕೊಂಡು ಬಂದಳು. ಊಟದ ಬಿಡುವಿನ ಅರ್ಧ ಗಂಟೆ ಇಬ್ಬರೂ ಅರಮನೆಯ ಹಿಂಬಾಗಿಲ ಬೆಂಚಿನ ಮೇಲೆ ಕೂತರು. ಹೂವಿನ ಮಾತನ್ನು ತಂಗಿ ಎತ್ತಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಅಕ್ಕನ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದಳು.

"ಒಳಗೆ ಹೋಗ್ಬೇಕು ಕಣೇ," ಎಂದಳು ಸೂಜಿಯಕ್ಕ.

"ಹೋಗುವೆಯಂತೆ, ಇರು," ಎಂದಳು ತಂಗಿ, ಕೈ ಬಿಡದೆ.