ಸಾವಕ್ಕ ಹೊತ್ತುಕೊಂಡದ್ದು

ತೆಲಸಂಗದಲ್ಲಿ ಬಾಣಂತಿಯ ಮನೆಗೆ ಸಾವಕ್ಕ ಬಂದಳೆಂದರೆ ಮುಗಿಯಿತು, ಉಳಿದವರೆಲ್ಲ ಬಚ್ಚಲಿನಿಂದ ಹೊರಗೆ. ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತೀಡಿ, ಬಿಸಿನೀರು ಎರೆಯುವುದರಲ್ಲಿ ಅವಳಿಗೆ ನಲವತ್ತು ವರ್ಷದ ಅನುಭವ. ಆಶಾ ಕಾರ್ಯಕರ್ತೆಯಾದ ನಾನು ಅಷ್ಟು ತಿಕ್ಕಬೇಡ ಆಯಿ ಅಂದರೆ, ನಿನಗೂ ಎರೆದವಳು ನಾನೇ, ಸುಮ್ಮನೆ ಕೂಡು ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೋದ ವರ್ಷ ಅವಳ ಸೊಸೆ ಅನುಸೂಯಾ ಹೆಣ್ಣು ಹೆತ್ತಳು. ನಾಲ್ಕನೇ ತಿಂಗಳಲ್ಲಿ ಕೂಸಿನ ತೊಡೆಯ ಮೇಲೆ, ಬೆನ್ನ ಮೇಲೆ ನೀಲಿ ಕಲೆಗಳೆದ್ದವು. ಸಾವಕ್ಕ ಕಂಡಳು, ಯಾರಿಗೂ ಹೇಳಲಿಲ್ಲ. ವಯಸ್ಸಾಗಿ ತನ್ನ ಕೈಯೇ ಜಡವಾಗಿದೆ ಅಂದುಕೊಂಡು ಹಗುರವಾಗಿ ಎರೆಯತೊಡಗಿದಳು. ಕೂಸು ಬಿಳಿಚಿಕೊಂಡಿತು, ಹೊಟ್ಟೆ ಉಬ್ಬಿತು, ಹಾಲು ಬಿಟ್ಟಿತು. ಹತ್ತು ದಿನದ ಮೇಲೆ ನನ್ನ ಕಣ್ಣಿಗೆ ಬಿತ್ತು. ಸಾವಕ್ಕನನ್ನು ಎಷ್ಟು ಬೈದೆನೆಂದರೆ, ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಿರಜಿನ ದವಾಖಾನೆಗೆ ನಾನೂ ಹೋದೆ. ರಕ್ತದ ಕ್ಯಾನ್ಸರ್ ಅಂದರು. ಗರ್ಭದಲ್ಲಿರುವಾಗಲೇ ರಕ್ತದ ಒಂದು ಕಣದಲ್ಲಿ ಜೀನ್ ತುಂಡಾಗಿ ತಪ್ಪು ಜಾಗಕ್ಕೆ ಕೂಡಿಕೊಂಡಿದೆಯಂತೆ. ತಾಯಿ ತಿಂದದ್ದರಿಂದಲ್ಲ, ಯಾರ ಕೈಯಿಂದಲೂ ಅಲ್ಲ ಎಂದು ಡಾಕ್ಟರಮ್ಮ ಸಾವಕ್ಕನ ಭುಜ ಹಿಡಿದು ಹೇಳಿದರು. ದೊಡ್ಡ ಮಕ್ಕಳು ಎಷ್ಟೋ ಜನ ಗುಣವಾಗುತ್ತಾರೆ. ಇದು ಆರು ತಿಂಗಳೂ ತುಂಬದ ಕೂಸು, ಬಿಳಿ ರಕ್ತಕಣ ಹತ್ತು-ಹದಿನೈದು ಸಾವಿರ ಇರಬೇಕಾದಲ್ಲಿ ನಾಲ್ಕು ಲಕ್ಷ, ಮೇಲೆ ಈ ಜೀನ್ ಬೇರೆ, ಔಷಧಿಗೆ ಬಗ್ಗುವುದು ಕಷ್ಟ. ಆದರೂ ಔಷಧಿ ಕೊಟ್ಟರು. ಇಳಿದ ರೋಗ ಎರಡೇ ತಿಂಗಳಲ್ಲಿ ಮತ್ತೆ ಏರಿತು. ಒಂಬತ್ತನೇ ತಿಂಗಳಿಗೆ ಕೂಸು ಹೋಯಿತು.

ಮಾತಾಡಿಸಲು ಬಂದ ಹೆಂಗಸರು ಅನುಸೂಯಾಳ ಎದುರೇ ಶುರುಮಾಡಿದರು. ಗರ್ಭದಲ್ಲೇ ಬಂದ ರೋಗವಂತೆ, ಇವಳ ಹೊಟ್ಟೆಯೇ ನೆಟ್ಟಗಿಲ್ಲ, ಮುಂದಿನದೂ ಹೀಗೆಯೇ. ನಾನು ಬಿಡಿಸಿ ಹೇಳಿದೆ, ಕೇಳುವವರು ಯಾರು? ಆ ನಾಲಿಗೆಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅನುಸೂಯಾ ಸೆರಗು ಬಾಯಿಗೊತ್ತಿಕೊಂಡು ಗೋಡೆ ಕಡೆ ತಿರುಗಿದಳು.

ಸಾವಕ್ಕ ಎದ್ದು ನಿಂತಳು.

"ಆಕಿ ಹೊಟ್ಟಿ ಸುದ್ದಿ ಯಾರೂ ಎತ್ತಬ್ಯಾಡ್ರಿ. ಕೂಸಿನ ಮೈಮ್ಯಾಗಿನ ಕಲಿ ನನ್ನ ಕೈಲೆ ಆದದ್ದು, ರೋಗ ಹತ್ತಿದ್ದೂ ಅದರಿಂದನ. ಮುಚ್ಚಿಟ್ಟಾಕಿನೂ ನಾನ. ಅನ್ನೂದಿದ್ರ ನನಗ ಅನ್ರಿ."

ಸುಳ್ಳೆಂದು ನನಗೆ ಗೊತ್ತು, ಅವಳಿಗೂ ಗೊತ್ತು. ಊರು ನಂಬಿತು. ಆಮೇಲೆ ಊರಲ್ಲಿ ಹುಟ್ಟಿದ ಮೂರು ಕೂಸುಗಳಿಗೆ ಎರೆಯಲು ಐನಾಪುರದಿಂದ ಬೇರೆ ಮುದುಕಿಯನ್ನು ಕರೆಸಿದರು. ಅನುಸೂಯಾಳ ಸುದ್ದಿ ನಿಂತೇ ಹೋಯಿತು.

ಊರಿಗೆ ನಿಜ ಹೇಳುತ್ತೇನೆಂದು ಒಂದು ದಿನ ಹಟ ಹಿಡಿದೆ. ಸಾವಕ್ಕ ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದಳು.

"ಬ್ಯಾಡವಾ. ಆಕಿ ಇನ್ನಾ ಹಡಿಯೂ ಹುಡುಗಿ. ನಾ ಎರಿಯೂವಷ್ಟು ಎರದೀನಿ."