ಮೇಷ್ಟ್ರು ಹೇಳದೆ ಬಿಟ್ಟ ಮಾತು

ವರ್ಷವೆಲ್ಲ ತೋಳು ಮಡಿಸಿದ ಬಿಳಿ ಅಂಗಿಯಲ್ಲೇ ಓಡಾಡುತ್ತಿದ್ದ ಶಿವನಂಜಪ್ಪ ಮೇಷ್ಟ್ರು ಚರ್ಚಾಸ್ಪರ್ಧೆಯ ದಿನ ಮಾತ್ರ ಟೈ ಕಟ್ಟಿಕೊಂಡು ಬರುತ್ತಿದ್ದರು. ಅಂಗೈ ಅಗಲದ ಕಡುಗೆಂಪು ಟೈ ಅವರ ಹೊಟ್ಟೆಯ ಅರ್ಧಕ್ಕೇ ನಿಂತುಬಿಡುತ್ತಿತ್ತು. ಕಾಲಿಗೆ ಮಾತ್ರ ಅದೇ ಹವಾಯಿ ಚಪ್ಪಲಿ. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ನೋಡಿ, “ನಕ್ಕು ಮುಗಿಸ್ಬುಡ್ರಪ್ಪಾ, ಆಮೇಲೆ ಮಾತಾಡೋಣ” ಎಂದು ಪಕ್ಕಕ್ಕೆ ನಿಂತು ಕಾಯುತ್ತಿದ್ದರು.

ಕೃಷ್ಣಮೂರ್ತಿಪುರಂನ ನಮ್ಮ ಹೈಸ್ಕೂಲಿನಲ್ಲಿ ಅವರು ಸಮಾಜ ಪಾಠ ಮಾಡುತ್ತಿದ್ದರು. ಚರ್ಚೆಗೆ ಪ್ರತಿ ವರ್ಷವೂ ಒಂದೇ ವಿಷಯ: ಮರಣದಂಡನೆ ಬೇಕೇ, ಬೇಡವೇ. ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬಂಥ ಸಾಧು ವಿಷಯ ಇಟ್ಟುಕೊಳ್ಳಿ ಎಂದು ಹೆಡ್‌ಮಾಸ್ಟರು ಹೇಳಿ ಹೇಳಿ ಸುಸ್ತಾದರು. ಮೇಷ್ಟ್ರು ಜಗ್ಗಲಿಲ್ಲ. ನೇಣು ಇರಲೇಬಾರದು ಎನ್ನುವುದು ಅವರ ಗಟ್ಟಿ ಅಭಿಪ್ರಾಯ. ಹಾಗೆಂದು ಅದನ್ನು ನಮ್ಮ ಗಂಟಲಿಗೆ ತುರುಕುತ್ತಿರಲಿಲ್ಲ. ಒಬ್ಬ ಹುಡುಗನನ್ನು ಅಪರಾಧಿ ಎಂದು ಮುಂದೆ ಕುರ್ಚಿಯಲ್ಲಿ ಕೂರಿಸುವರು. ನೇಣು ಬೇಕು ಎಂದು ವಾದಿಸುವವನು ಮೊದಲು ಅವನ ಮುಖ ನೋಡಿಕೊಂಡು “ನಾನು ಈ ಮನುಷ್ಯನನ್ನು ಕೊಲ್ಲುತ್ತೇನೆ” ಎನ್ನಬೇಕು. ಆಮೇಲೆ ಏನು ಬೇಕಾದರೂ ವಾದ ಮಾಡಬಹುದು.

“ಸರ್ಕಾರ ಗಲ್ಲಿಗೇರಿಸ್ಲಿ ಅಂದ್ಬುಟ್ರೆ ಆಗೋಯ್ತಾ? ಸರ್ಕಾರ ಅಂದ್ರೆ ಯಾರು? ನೀನು ಕಣೋ. ಎಲ್ಲಿ, ನೀನೇ ಹೇಳು” ಎನ್ನುವರು.

ಬಹಳ ಜನ ಪಟಪಟನೆ ಹೇಳಿಬಿಡುತ್ತಿದ್ದರು. ಹತ್ತನೇ ತರಗತಿಯಲ್ಲಿ ಆ ಕುರ್ಚಿಯಲ್ಲಿ ಕೂತವನು ನಾನು. ನೇಣಿನ ಪರ ಎದ್ದು ನಿಂತವನು ನನ್ನ ಸಹಪಾಠಿ ಮಹೇಶ, ಪೀಚು ದೇಹದ, ಉಗುರು ಕಚ್ಚುವ ಹುಡುಗ. ನನ್ನನ್ನೇ ನೋಡುತ್ತ ನಿಂತ. ಬಾಯಿ ತೆರೆದ, ಮುಚ್ಚಿದ. “ಆಗಲ್ಲ ಸಾರ್” ಎಂದು ಹೋಗಿ ಕೂತುಬಿಟ್ಟ. ಇಡೀ ಸಭೆ ಗೊಳ್ಳೆಂದಿತು. ಮೇಷ್ಟ್ರು ಮೊದಲ ಬಹುಮಾನ ಅವನಿಗೇ ಕೊಟ್ಟರು. “ಮಾತಾಡ್ದೆ ಇರೋನಿಗೆ ಬಹುಮಾನ ಏನ್ರೀ?” ಎಂದು ಹೆಡ್‌ಮಾಸ್ಟರು ರೇಗಿದರೆ, “ಆಡೋ ಮಾತಿನ ತೂಕ ಗೊತ್ತಾಗಿದ್ದು ಅವನೊಬ್ಬನಿಗೇ ಸಾರ್” ಎಂದರು.

ಆ ಮಹೇಶ ದೊಡ್ಡವನಾಗಿ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಹಿಡಿದ. ಮೇಷ್ಟ್ರು ನಿವೃತ್ತರಾಗಿ ನಮ್ಮ ಬೀದಿಯಲ್ಲೇ ಇದ್ದರು. ಅವರ ಎದುರು ಮನೆಯ ಜಯಮ್ಮನವರು ಬಣ್ಣದವರು ಯಾರಾದರೂ ಇದ್ದಾರಾ ಎಂದು ಕೇಳಿದಾಗ, “ನನ್ನ ಶಿಷ್ಯ ಒಬ್ಬ ಇದಾನೆ ಕಣಮ್ಮ, ಕಣ್ಮುಚ್ಕೊಂಡು ಬೀಗದ ಕೈ ಕೊಡ್ಬೋದು” ಎಂದು ಮಹೇಶನನ್ನು ಕರೆಸಿದವರು ಇವರೇ. ಕೆಲಸ ಚೆನ್ನಾಗಿಯೇ ಆಯಿತು. ಕೆಲವು ತಿಂಗಳ ಮೇಲೆ ಜಯಮ್ಮ ಮದುವೆಗೆಂದು ನಂಜನಗೂಡಿಗೆ ಹೋಗಿದ್ದ ಮಧ್ಯಾಹ್ನ ಮಹೇಶ ಒಡವೆಗಾಗಿ ಆ ಮನೆಗೆ ನುಗ್ಗಿದ. ಒಳಗೆ ಜಯಮ್ಮನ ಮಗಳು ಶೈಲಾ ಇದ್ದಳು, ಅವಳ ಪುಟ್ಟ ಮಗ ಇದ್ದ. ಶೈಲಾ ಗುರುತು ಹಿಡಿದಳು. ಇಬ್ಬರನ್ನೂ ಕೊಂದ.

ಅವನನ್ನು ನೇಣಿಗೆ ಹಾಕಬೇಕು ಎಂದು ಬೀದಿಗೆ ಬೀದಿಯೇ ಹೇಳಿತು. ನಾನೂ ಹೇಳಿದೆ. ಮಗುವನ್ನು ಬಿಡದವನು ನಾಳೆ ಯಾರನ್ನು ಬಿಟ್ಟಾನು ಎಂದು ಮೇಷ್ಟ್ರ ಎದುರೇ ಕೂಗಾಡಿದೆ. ಅವರು, “ಅಪಾಯದ ಮನುಷ್ಯಾನೇ ಕಣಯ್ಯ, ಇಲ್ಲ ಅನ್ನಲ್ಲ. ಜೈಲಲ್ಲಿಟ್ಟು ಬೀಗ ಹಾಕ್ಲಿ, ಸಾಯೋವರ್ಗೂ ಹಾಕ್ಲಿ. ಬೀಗ ಹಾಕಿದ್ಮೇಲೂ ಕೊಲ್ತೀವಲ್ಲ, ಅದು ಭಯಕ್ಕಲ್ಲ, ನಮ್ಮ ಹೊಟ್ಟೆ ತಣ್ಣಗಾಗ್ಲಿ ಅಂತ” ಎಂದರು. ಹೇಳುವಾಗ ದನಿ ತೀರ ಕೆಳಗಿತ್ತು. ಎದುರು ಮನೆಗೆ ಕೇಳಿಸೀತೆಂದು ಹೆದರಿದ್ದರು ಎಂದು ನನಗೆ ಆಮೇಲೆ ಹೊಳೆಯಿತು.

ಮಹೇಶ ತಪ್ಪಿತಸ್ಥ ಎಂದು ಕೋರ್ಟು ಹೇಳಿತು. ಶಿಕ್ಷೆ ಎಷ್ಟೆಂದು ತೀರ್ಮಾನವಾಗುವ ಮೊದಲು ಅವನ ವಕೀಲೆ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೇಷ್ಟ್ರನ್ನು ಹುಡುಕಿಕೊಂಡು ಬಂದರು. ನಾನು ಅಲ್ಲೇ ಕೂತಿದ್ದೆ.

“ಸಾರ್, ಅವನನ್ನ ಬಿಟ್ಬಿಡಿ ಅಂತ ಯಾರೂ ಕೇಳ್ತಿಲ್ಲ. ಜೀವ ಒಂದು ಉಳೀಲಿ ಅಷ್ಟೆ. ಸ್ಕೂಲಲ್ಲಿ ಎಂಥ ಹುಡುಗ ಆಗಿದ್ದ ಅಂತ ನೀವೊಂದು ಮಾತು ಹೇಳಿದ್ರೆ ಕೋರ್ಟು ಪರಿಗಣಿಸುತ್ತೆ. ಯಾವುದೋ ಡಿಬೇಟಲ್ಲಿ ನೀವು ಬಹುಮಾನ ಕೊಟ್ಟಿದ್ರಂತೆ. ಅದೊಂದನ್ನೇ ಹೇಳ್ತಾನೆ ಸಾರ್.”

ಬಾಗಿಲು ತೆರೆದಿತ್ತು. ಎದುರು ಮನೆಯ ಮೆಟ್ಟಿಲ ಮೇಲೆ ಜಯಮ್ಮ ಕೂತಿದ್ದರು. ಮೇಷ್ಟ್ರು ಅತ್ತ ನೋಡಿದರು.

“ಎಷ್ಟೋ ಸಾವಿರ ಹುಡುಗ್ರು ಬಂದೋದ್ರು ತಾಯಿ. ಅಂಥೋನು ಯಾರೂ ನನಗೆ ನೆನಪಿಲ್ಲ.”

ಕೈ ಮುಗಿದು ವಕೀಲೆ ಹೊರಟುಹೋದರು. ಸೆಷನ್ಸ್ ಕೋರ್ಟು ಮರಣದಂಡನೆ ಕೊಟ್ಟಿತು. ಬೀದಿಯಲ್ಲಿ ಯಾರೋ ಪಟಾಕಿ ಹಚ್ಚಿದರು. ಆ ಸಂಜೆ ಹೋದರೆ ಮೇಷ್ಟ್ರು ಕಾಫಿ ಲೋಟ ಹಿಡಿದು ಕೂತಿದ್ದರು, ಕಾಫಿಯ ಮೇಲೆ ಕೆನೆ ಕಟ್ಟಿತ್ತು. “ಹೇಳಿದ್ದಿದ್ರೆ ಉಳೀತಿದ್ನೋ ಇಲ್ವೋ ಗೊತ್ತಿಲ್ಲ. ನಾನು ಹೇಳ್ಲಿಲ್ಲ. ಇಷ್ಟು ವರ್ಷ ಮಕ್ಕಳ ಕೈಲಿ ನಾನು ಕೊಲ್ತೀನಿ ಅಂತ ಬಾಯಿಬಿಟ್ಟು ಹೇಳಿಸ್ದೆ. ನನ್ನ ಸರದಿ ಬಂದಾಗ ಬಾಯಿ ಮುಚ್ಕೊಂಡೇ ಆ ಕೆಲಸ ಮಾಡ್ದೆ” ಎಂದರು. ಅವರ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೇ ಬಂದಿತ್ತು.

ಅಲ್ಲಿಂದ ಮನುಷ್ಯ ಇಳಿದುಹೋದರು. ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಬನ್ನಿ ಎಂದು ಶಾಲೆಯವರು ಕರೆದರೆ ಹುಷಾರಿಲ್ಲ ಎಂದರು. ಪ್ರಕರಣ ಹೈಕೋರ್ಟಿಗೆ ಹೋದಾಗ ತಾವೇ ವಕೀಲೆಗೆ ಫೋನು ಮಾಡಿ, ಸುಳ್ಳು ಹೇಳಿದ್ದೆ, ಈಗ ನಿಜ ಬರೆದುಕೊಡುತ್ತೇನೆ ಎಂದರು. “ಆದ್ರೆ ಜಯಮ್ಮನಿಗೆ ಹೇಳ್ದೆ ಬರಿಯೋದು ತಪ್ಪಾಗುತ್ತೆ. ನೀನೂ ಬಾ” ಎಂದು ನನ್ನನ್ನು ಕರೆದುಕೊಂಡು ಹೊರಟರು.

ನಲ್ಲಿ ನೀರು ಬಂದಿತ್ತು. ಜಯಮ್ಮ ಅಂಗಳದಲ್ಲಿ ಡ್ರಮ್ಮಿಗೆ ಪೈಪು ಹಿಡಿದು ನಿಂತಿದ್ದರು. ಮೇಷ್ಟ್ರು ನಿಂತಲ್ಲೇ ಎಲ್ಲವನ್ನೂ ಹೇಳಿದರು. ಅವನನ್ನು ಕೆಲಸಕ್ಕೆ ಕಳಿಸಿದ ತಪ್ಪು ತಮ್ಮದು, ಆ ಮುಖ ಹೊತ್ತುಕೊಂಡು ಅವನ ಪರ ಮಾತಾಡಲಾಗದೆ ಸುಳ್ಳು ಹೇಳಿದೆ, ಈಗ ಮನಸ್ಸು ತಡೆಯುತ್ತಿಲ್ಲ ಎಂದರು. “ನೀವು ಹೂಂ ಅಂದ್ರೆ ಬರೀತೀನಿ ಕಣಮ್ಮ. ಬ್ಯಾಡ ಅಂದ್ರೆ ಬುಡ್ತೀನಿ.”

ಡ್ರಮ್ಮು ತುಂಬಿ ಹರಿಯತೊಡಗಿದರೂ ಜಯಮ್ಮ ಪೈಪು ತೆಗೆಯಲಿಲ್ಲ.

“ಅವತ್ತು ಸುಳ್ಳು ಹೇಳಿದ್ದು ನನ್ನ ಮುಖ ನೋಡ್ಕೊಂಡು. ಇವತ್ತು ನಿಜ ಹೇಳೋಕೂ ನನ್ನ ಮುಖಾನೇ ಬೇಕಾ ಮೇಷ್ಟ್ರೇ? ನೇಣು ಹಾಕಿ ಅಂತ ನಾನು ಯಾರನ್ನಾದ್ರೂ ಕೇಳಿದ್ನಾ? ಬುಡಿ ಅಂತಾನೂ ಕೇಳಲ್ಲ. ಬರಿಯೋದಾದ್ರೆ ಬರೀರಿ. ನನ್ನ ತಲೆ ಮೇಲೆ ಹಾಕ್ಬೇಡಿ.”

ಮೇಷ್ಟ್ರು ತಲೆ ತಗ್ಗಿಸಿದರು. ಹೊರಡಲು ತಿರುಗಿದಾಗ ಆಕೆ ಮತ್ತೆ ಕೇಳಿದರು. “ಶೈಲಾನೂ ನಿಮ್ಮತ್ರಾನೇ ಓದಿದ್ದು, ಅಲ್ವಾ? ಅವನ ವಿಷಯ ಕೇಳ್ಕೊಂಡು ಲಾಯರಮ್ಮ ಬಂದ್ರು. ಅವಳ ವಿಷಯ ಕೇಳೋಕೆ ಯಾರೂ ಬರ್ಲಿಲ್ಲ. ನಾನು ಕೇಳ್ತೀನಿ, ಹೇಳಿ. ಎಂಗಿದ್ಲು ಸ್ಕೂಲಲ್ಲಿ?”

ಮೇಷ್ಟ್ರ ತುಟಿ ಅಲುಗಿತು. ಮಾತು ಬರಲಿಲ್ಲ. ಜಯಮ್ಮ ನಲ್ಲಿ ನಿಲ್ಲಿಸಿ ಒಳಗೆ ಹೋದರು.

ಮೇಷ್ಟ್ರು ಬರೆದುಕೊಟ್ಟರು. ನೇಣು ಹೋಗಿ ಸಾಯುವವರೆಗಿನ ಜೈಲಾಯಿತು. ಇವರ ಮಾತಿನಿಂದಲೇ ಹಾಗಾಯಿತೆಂದು ಹೇಳಲಾರೆ. ಆ ಸುದ್ದಿ ತೆಗೆದುಕೊಂಡು ಹೋದಾಗ ಅವರು ಆಸ್ಪತ್ರೆಯಲ್ಲಿದ್ದರು, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಮಹೇಶ ಉಳಿದ ಸಾರ್, ಅಂದೆ. ಮುಖ ಅರಳೀತೆಂದು ಕಾದೆ. ಅವರು ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

“ಆ ಮಗು ಶೈಲಾ… ಯಾವ ಬೆಂಚಲ್ಲಿ ಕೂತ್ಕೋತಿದ್ಲೋ? ನಿಂಗೇನಾದ್ರೂ ಗೊತ್ತಾ?”

ಅವಳು ನನಗಿಂತ ಎರಡು ವರ್ಷ ಚಿಕ್ಕವಳು. ಅದೇ ಶಾಲೆ, ಅದೇ ಬೀದಿ. ನನಗೂ ಗೊತ್ತಿರಲಿಲ್ಲ.